ಮುಂದಿನ ಹಲ್ಲು ಕೂಡುತ್ತಿಲ್ಲ, ಬೆಳಿಗ್ಗೆ ದವಡೆ ಬಿಗಿ: ಇದೂ ಸಂಧಿವಾತವೇ?

ಪ್ರಶ್ನೆ: ನನಗೆ 46 ವರ್ಷ, ಊರು ದಾವಣಗೆರೆ. ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತೇನೆ. ರುಮಟಾಯ್ಡ್ ಸಂಧಿವಾತ ಶುರುವಾಗಿ 9 ವರ್ಷ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ 15 ಮಿಲಿಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದೇನೆ. ಕೈಬೆರಳು ಈಗ ಪರವಾಗಿಲ್ಲ. ಆದರೆ ಆರು ತಿಂಗಳಿಂದ ಬೆಳಿಗ್ಗೆ ಎದ್ದಾಗ ದವಡೆ ಹಿಡಿದುಕೊಂಡಿರುತ್ತದೆ, ಬಾಯಿ ತೆಗೆಯಲು ಮುಕ್ಕಾಲು ಗಂಟೆ ಬೇಕು. ಎಡಗಿವಿಯ ಒಳಗೆ ನೋವು. ಕಿವಿ ಡಾಕ್ಟರಿಗೆ ತೋರಿಸಿದೆ, ಕಿವಿ ಚೆನ್ನಾಗಿದೆ ಎಂದರು. ದಾರವನ್ನು ಹಲ್ಲಲ್ಲೇ ಕಚ್ಚಿ ತುಂಡು ಮಾಡುವುದು ನನಗೆ ಅಭ್ಯಾಸ. ಈಗ ಮುಂದಿನ ಹಲ್ಲು ಒಂದಕ್ಕೊಂದು ತಾಗುವುದೇ ಇಲ್ಲ. ಹಲ್ಲಿನ ಡಾಕ್ಟರು ಹಿಂದಿನ ಹಲ್ಲುಗಳನ್ನು ಸ್ವಲ್ಪ ತೇಯ್ದು ಸರಿ ಮಾಡೋಣ, ಇಲ್ಲದಿದ್ದರೆ ಕ್ಲಿಪ್ ಹಾಕೋಣ ಎನ್ನುತ್ತಿದ್ದಾರೆ. ಸಂಧಿವಾತ ದವಡೆಗೂ ಬರುತ್ತದಾ? ಹಲ್ಲು ತೇಯಿಸಲಾ? ನೋವಿನ ಮಾತ್ರೆ ದಿನಾ ನುಂಗಿದರೆ ತೊಂದರೆಯಾ?

ಉತ್ತರ: ಹಲ್ಲು ತೇಯಿಸಬೇಡಿ. ಕ್ಲಿಪ್ಪೂ ಸದ್ಯಕ್ಕೆ ಬೇಡ. ಮಿಕ್ಕಿದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ, ಇದೊಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಹೌದು, ಸಂಧಿವಾತ ದವಡೆಗೂ ಬರುತ್ತದೆ. ನಿಮ್ಮನ್ನು ಕಣ್ಣಾರೆ ನೋಡದೆ ಖಚಿತ ಹೇಳಲಾರೆ. ಆದರೆ ಬೆಳಗಿನ ಬಿಗಿತ, ಕಿವಿನೋವು, ಕೂಡದ ಮುಂದಿನ ಹಲ್ಲು, ಈ ಮೂರೂ ಒಟ್ಟಿಗೆ ಇರುವ 9 ವರ್ಷದ ಸಂಧಿವಾತ ಅಂದರೆ ನಾನು ಮೊದಲು ಕೈ ಇಡುವುದು ದವಡೆಯ ಕೀಲಿನ ಮೇಲೇ.

ಆ ಕೀಲು ಎಲ್ಲಿದೆ ಅಂತ ನೀವೇ ನೋಡಿಕೊಳ್ಳಿ. ಎರಡೂ ತೋರುಬೆರಳನ್ನು ಕಿವಿಯ ತೂತಿಗಿಂತ ಒಂದು ಬೆರಳಗಲ ಮುಂದೆ ಇಡಿ. ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನ ಕೆಳಗೆ ಏನೋ ಉರುಟಾದದ್ದು ಮುಂದಕ್ಕೆ ಜಾರುತ್ತದೆ, ಅಲ್ವಾ? ಅದು ಕೆಳದವಡೆ ಮೂಳೆಯ ತಲೆ. ಬಾಯಿ ತೆರೆಯುವ ಮೊದಲರ್ಧದಲ್ಲಿ ಅದು ನಿಂತಲ್ಲೇ ತಿರುಗುತ್ತದೆ. ಉಳಿದರ್ಧದಲ್ಲಿ ತಲೆಬುರುಡೆಯ ಗುಳಿಯಿಂದ ಹೊರಬಂದು ಮುಂದಕ್ಕೆ ಸರಿಯುತ್ತದೆ. ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ತಲೆಗೂ ಕೊಡಕ್ಕೂ ನಡುವೆ ಸಿಂಬೆ ಇಟ್ಟುಕೊಳ್ಳುತ್ತಿದ್ದರಲ್ಲ, ಹಾಗೆ. ಮೂಳೆ ಸರಿದಾಗ ಸಿಂಬೆಯೂ ಜೊತೆಗೇ ಸರಿಯಬೇಕು. ಎಡಗಡೆಯದೂ ಬಲಗಡೆಯದೂ ಒಂದೇ ಮೂಳೆಯ ಎರಡು ತುದಿಗಳು. ಹಾಗಾಗಿ ಒಂದು ಕೆಟ್ಟರೆ ಇನ್ನೊಂದಕ್ಕೂ ಕಷ್ಟ.

ಕಿವಿನೋವಿನ ಗುಟ್ಟೂ ಇಲ್ಲೇ ಇದೆ. ಈ ಕೀಲಿಗೆ ಹೋಗುವ ನರವೇ ಕಿವಿಯ ನಾಳಕ್ಕೂ ಕವಲು ಕೊಡುತ್ತದೆ. ಕೀಲು ಕೂಗಿದರೆ ಮಿದುಳಿಗೆ ಕಿವಿ ಕೂಗಿದ ಹಾಗೆ ಕೇಳಿಸುತ್ತದೆ. ಕಿವಿ ಡಾಕ್ಟರು ಸರಿಯಾಗೇ ಹೇಳಿದ್ದಾರೆ, ನಿಮ್ಮ ಕಿವಿಗೆ ಏನೂ ಆಗಿಲ್ಲ. ತಿಂಗಳುಗಟ್ಟಲೆ ಸುಮ್ನೆ ಕಿವಿಗೆ ಡ್ರಾಪ್ಸ್ ಹಾಕಿಕೊಂಡು ಬರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ರುಮಟಾಯ್ಡ್ ಸಂಧಿವಾತದಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ನಮ್ಮ ಕೀಲುಗಳ ಒಳಪೊರೆಯನ್ನೇ ಶತ್ರು ಎಂದುಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಒಳಪೊರೆ ಊದುತ್ತದೆ, ದಪ್ಪವಾಗುತ್ತದೆ. ಆಮೇಲೆ ಕೆರೆಯಲ್ಲಿ ಅಂತರಗಂಗೆ ಹಬ್ಬಿದ ಹಾಗೆ ಮೃದ್ವಸ್ಥಿಯ (ಮೂಳೆಯ ತುದಿಗೆ ಹೊದಿಕೆಯಂತಿರುವ ನುಣುಪಾದ ಮೆದು ಭಾಗ) ಮೇಲೆ ಹಬ್ಬಿ, ಅದನ್ನೂ ಅದರ ಕೆಳಗಿನ ಮೂಳೆಯನ್ನೂ ತಿನ್ನುತ್ತದೆ. ಒಳಪೊರೆ ಇರುವ ಕೀಲು ಯಾವುದಾದರೂ ಸರಿ, ಅಲ್ಲಿಗೆ ಈ ಕಾಯಿಲೆ ಹೋಗಬಹುದು. ದವಡೆ ಕೀಲಿಗೂ ಒಳಪೊರೆ ಇದೆ. ಸ್ಕ್ಯಾನ್ ಮಾಡಿ ಹುಡುಕಿದರೆ ಬಹಳ ಜನ ಸಂಧಿವಾತದವರ ದವಡೆಯಲ್ಲಿ ಏನಾದರೊಂದು ಬದಲಾವಣೆ ಸಿಗುತ್ತದೆ. ನೋವು ಅಂತ ಬಾಯಿಬಿಟ್ಟು ಹೇಳುವವರು ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಕೈ ಕಾಲಿನ ಕೀಲುಗಳಾದ ಮೇಲೆ, ಕಾಯಿಲೆ ಕೆಲವು ವರ್ಷ ಹಳೆಯದಾದಾಗ ಕಾಣಿಸುತ್ತದೆ.

ಹಾಗಿದ್ದರೆ ನಿಮ್ಮ ಸಂಧಿವಾತದ ಡಾಕ್ಟರು ಇಷ್ಟು ದಿನ ದವಡೆಯ ಬಗ್ಗೆ ಯಾಕೆ ಕೇಳಲಿಲ್ಲ? ನಮ್ಮವರ ಒಂದು ದೌರ್ಬಲ್ಯ ಹೇಳಿಬಿಡುತ್ತೇನೆ. ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯಲು ನಾವು 28 ಕೀಲುಗಳನ್ನು ಒತ್ತಿ ನೋಡುತ್ತೇವೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಉಳಿದ 20 ಬೆರಳ ಕೀಲುಗಳು. ಲೆಕ್ಕ ಮುಗಿಯಿತು. ದವಡೆ ಅದರಲ್ಲಿ ಇಲ್ಲ. ಕತ್ತು ಇಲ್ಲ, ಪಾದವೂ ಇಲ್ಲ. ಲೆಕ್ಕ ಬೇಗ ಮುಗಿಯಲಿ ಅಂತ ಮಾಡಿಕೊಂಡ ಪಟ್ಟಿ ಅದು, ಒಳ್ಳೆಯ ಪಟ್ಟಿಯೇ. ಆದರೆ ಪಟ್ಟಿಯಲ್ಲಿ ಇಲ್ಲದ್ದು ದೇಹದಲ್ಲೂ ಇಲ್ಲ ಅಂತ ನಾವು ಕ್ರಮೇಣ ನಂಬಿಬಿಡುತ್ತೇವೆ. ಅತ್ತ ಹಲ್ಲಿನ ಡಾಕ್ಟರು ಹಲ್ಲು ನೋಡುತ್ತಾರೆ, ವಸಡು ನೋಡುತ್ತಾರೆ. ದವಡೆಯ ಕೀಲು ಎರಡು ಕುರ್ಚಿಗಳ ನಡುವೆ ಬಿದ್ದುಹೋಗುತ್ತದೆ.

ನಾನೇ ಹೀಗೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹಿರಿಯ ಹೆಂಗಸು ಎರಡು ವರ್ಷ ನನ್ನ ಬಳಿ ಬರುತ್ತಿದ್ದರು. ಪ್ರತಿ ಸಲ 28 ಕೀಲು ಒತ್ತಿ, ಫೈಲಿನಲ್ಲಿ ‘ಕಾಯಿಲೆ ಹತೋಟಿಯಲ್ಲಿದೆ’ ಅಂತ ಬರೆದು ಕಳಿಸುತ್ತಿದ್ದೆ. ಮಂಡಿ ಆಪರೇಷನ್‌ಗೆ ಹೋದಾಗ ಅರಿವಳಿಕೆ ಡಾಕ್ಟರು ಫೋನ್ ಮಾಡಿದರು. ‘ನಿಮ್ಮ ಪೇಷಂಟ್ ಬಾಯಿ ಒಂದೂವರೆ ಬೆರಳು ಕೂಡ ತೆರೆಯೋದಿಲ್ಲ, ನಿಮಗೆ ಗೊತ್ತಿತ್ತಾ?’ ಗೊತ್ತಿರಲಿಲ್ಲ. ಅವರನ್ನು ಕೇಳಿದರೆ, ‘ವಯಸ್ಸಾಯ್ತಲ್ಲ ಡಾಕ್ಟ್ರೇ, ಅನ್ನ ಕಿವುಚಿ ತಿಂತಿದ್ದೆ’ ಎಂದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆವತ್ತಿನಿಂದ ನನ್ನ ಲೆಕ್ಕ 30.

ಈಗ ನಿಮ್ಮ ಮುಂದಿನ ಹಲ್ಲಿಗೆ ಬರೋಣ. ಹಲ್ಲು ಸರಿದಿಲ್ಲ. ಮೂಳೆ ಕುಸಿದಿರಬೇಕು. ಮನೆಯಲ್ಲಿ ಹಳೆಯ ಅಡಕತ್ತರಿ ಇದ್ದರೆ ತೆಗೆದು ನೋಡಿ. ಅದರ ಕೀಲು ಸವೆದು ಸಡಿಲವಾಗಿದ್ದರೆ ಮುಚ್ಚುವಾಗ ಹಿಂಭಾಗ ಮೊದಲು ತಾಗಿ, ತುದಿ ತೆರೆದೇ ಉಳಿಯುತ್ತದೆ. ನಿಮ್ಮ ಬಾಯಲ್ಲಿ ಆಗಿರುವುದೂ ಬಹುಶಃ ಅದೇ. ಕಾಯಿಲೆ ದವಡೆ ಮೂಳೆಯ ತಲೆಯನ್ನು ತಿಂದು ಗಿಡ್ಡ ಮಾಡಿದೆ. ದವಡೆ ಹಿಂದಕ್ಕೂ ಮೇಲಕ್ಕೂ ಕೂತಿದೆ. ಕೊನೆಯ ದವಡೆಹಲ್ಲುಗಳು ಎಲ್ಲಕ್ಕಿಂತ ಮೊದಲು ತಾಗುತ್ತವೆ. ಅವುಗಳ ಮೇಲೆ ಊರಿಕೊಂಡು ಮುಂಭಾಗ ತೆರೆದುಕೊಳ್ಳುತ್ತದೆ. ಎರಡೂ ಕಡೆ ಸಮನಾಗಿ ಕುಸಿದರೆ ಹೀಗೆ ನೇರ ತೆರಪು ಬೀಳುತ್ತದೆ. ಒಂದೇ ಕಡೆ ಜಾಸ್ತಿ ಕುಸಿದರೆ ಬಾಯಿ ತೆರೆಯುವಾಗ ಗದ್ದ ಆ ಕಡೆಗೆ ವಾಲುತ್ತದೆ. ಕನ್ನಡಿ ಮುಂದೆ ನಿಂತು ನೋಡಿ, ಯಾವ ಕಡೆ ವಾಲುತ್ತದೆ ಅಂತ ಬರೆದಿಟ್ಟುಕೊಳ್ಳಿ.

ಹಿಂದಿನ ಹಲ್ಲು ತೇಯ್ದರೆ ಮುಂದಿನದು ತಾಗುತ್ತದೆ, ಅದು ನಿಜ. ನಿಮ್ಮ ಹಲ್ಲಿನ ಡಾಕ್ಟರು ಹೇಳಿದ್ದರಲ್ಲಿ ತರ್ಕ ಇದೆ. ಆದರೆ ಒಳಗೆ ಉರಿ ಇನ್ನೂ ಆರಿಲ್ಲದಿದ್ದರೆ ಮೂಳೆ ಇನ್ನಷ್ಟು ಕುಸಿಯುತ್ತದೆ. ಆರು ತಿಂಗಳಲ್ಲಿ ಮತ್ತೆ ತೆರಪು. ಮತ್ತೆ ತೇಯುವುದಾ? ಕ್ಲಿಪ್ಪಿನ ಕಥೆಯೂ ಅದೇ. ಅಡಿಪಾಯ ಕೂರುತ್ತಿರುವಾಗ ಗೋಡೆಗೆ ಗಾರೆ ಮೆತ್ತಿ ಏನು ಪ್ರಯೋಜನ? ಮೊದಲು ಕಾಯಿಲೆ ತಣ್ಣಗಾಗಬೇಕು. ಹಲ್ಲುಗಳು ಕೂರುವ ರೀತಿ ಒಂದಷ್ಟು ತಿಂಗಳು ಬದಲಾಗದೆ ಒಂದೇ ಥರ ಇರಬೇಕು. ಆಮೇಲೆ ಹಲ್ಲಿನ ಮಾತು.

ಈ ವಾರ ಮನೆಯಲ್ಲಿ ಇನ್ನೊಂದು ಅಳತೆ ಮಾಡಿ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ, ಲಂಬವಾಗಿ ಮುಂದಿನ ಹಲ್ಲುಗಳ ನಡುವೆ ಹಿಡಿಯುತ್ತದಾ ನೋಡಿ. ಸಾಧಾರಣವಾಗಿ ಮೂರು ಬೆರಳು ಹಿಡಿಯಬೇಕು. ಸ್ಕೇಲಿನಲ್ಲಿ ಸುಮಾರು 40 ಮಿಲಿಮೀಟರ್. 35ಕ್ಕಿಂತ ಕಡಿಮೆ ಆದರೆ ಬಾಯಿ ತೆರೆಯುವುದು ಕುಗ್ಗಿದೆ ಅಂತ ಅರ್ಥ. ನಿಮ್ಮ ವಿಷಯದಲ್ಲಿ ಒಂದು ಮೋಸ ಇದೆ. ಬಾಯಿ ಮುಚ್ಚಿದಾಗಲೇ ಮುಂದೆ 4 ಮಿಲಿಮೀಟರ್ ತೆರಪು ಇದ್ದರೆ, ಅಳತೆಯಲ್ಲಿ ಅದನ್ನು ಕಳೆಯಬೇಕು. 38 ಬಂದರೂ ದವಡೆ ನಿಜವಾಗಿ ಸರಿದದ್ದು 34 ಮಾತ್ರ. ಸಂಧಿವಾತದಿಂದ ನಿಮ್ಮ ಬೆರಳುಗಳೇ ಊದಿದ್ದರೆ ಬೆರಳಿನ ಅಳತೆ ಬಿಡಿ. ಹೊಲಿಗೆಯ ಟೇಪ್ ಹೇಗೂ ಕೈಯಲ್ಲೇ ಇದೆ. ಬೆಳಿಗ್ಗೆ ಎದ್ದ ತಕ್ಷಣ ಒಂದು ಸಲ, ಸಂಜೆ ಒಂದು ಸಲ, ಒಂದು ವಾರ ಬರೆದಿಡಿ. ಡಾಕ್ಟರ ಹತ್ತಿರ ‘ನೋವು’ ಅನ್ನುವುದಕ್ಕಿಂತ ‘ಬೆಳಿಗ್ಗೆ 26, ಸಂಜೆ 36’ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಈ ಎರಡು ಅಂಕಿಗಳ ವ್ಯತ್ಯಾಸದಲ್ಲಿ ಬಹಳ ವಿಷಯ ಇದೆ. ಸಂಧಿವಾತದ ದವಡೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಇರುತ್ತವೆ. ಒಂದು, ಈಗ ಉರಿಯುತ್ತಿರುವ ಬೆಂಕಿ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ, ಒತ್ತಿದರೆ ನೋವು, ಕಿವಿಯ ಮುಂದೆ ಸಣ್ಣ ಬಾವು, ಮಧ್ಯಾಹ್ನದ ಹೊತ್ತಿಗೆ ಸಡಿಲ. ಇನ್ನೊಂದು, ಹಿಂದೆ ಉರಿದುಹೋದದ್ದರ ಬೂದಿ. ಅಂದರೆ ಸವೆದ ಮೂಳೆ. ಅಲ್ಲಿ ಬಿಗಿತ ಕಡಿಮೆ, ಅಗಿದಷ್ಟೂ ನೋವು ಏರುತ್ತದೆ. ಸಂಜೆ ಜಾಸ್ತಿ. ಬಾಯಿ ಆಡಿಸಿದರೆ ಮರಳು ತುಳಿದ ಹಾಗೆ ಜರಜರ ಸದ್ದು. ಬೆಂಕಿಗೆ ಔಷಧಿ ಇದೆ. ಬೂದಿಗೆ ಔಷಧಿ ಇಲ್ಲ, ಅದರ ಜೊತೆ ಬದುಕುವ ಉಪಾಯಗಳಿವೆ, ತೀರಾ ಆದರೆ ಆಪರೇಷನ್ ಇದೆ. ಮುಕ್ಕಾಲು ಗಂಟೆ ಬಿಗಿತ ಅಂತ ನೀವು ಬರೆದಿದ್ದೀರಿ. ನಿಮ್ಮಲ್ಲಿ ಎರಡೂ ಇರುವ ಹಾಗೆ ಕಾಣುತ್ತದೆ. ಬೆಂಕಿ ಇದೆ ಅನ್ನುವುದು ಒಂದು ಲೆಕ್ಕಕ್ಕೆ ಒಳ್ಳೆಯ ಸುದ್ದಿ, ನಿಲ್ಲಿಸಬಹುದಾದದ್ದು ಇನ್ನೂ ಇದೆ.

ಅಂದ ಹಾಗೆ, ಬಾಯಿ ತೆರೆಯುವಾಗ ಒಂದೇ ಒಂದು ‘ಟಕ್’ ಸದ್ದು ಬಂದು, ನೋವಿಲ್ಲದಿದ್ದರೆ ಅದು ಸಂಧಿವಾತ ಇಲ್ಲದವರಲ್ಲೂ ಸಾಮಾನ್ಯ. ಸಿಂಬೆ ಕೊಂಚ ಜಾರಿ ಮತ್ತೆ ಕೂತ ಸದ್ದು ಅದು. ಅದಕ್ಕೆ ಹೆದರಬೇಡಿ.

ಪರೀಕ್ಷೆಗಳ ವಿಷಯ ಚುಟುಕಾಗಿ. ಹಲ್ಲಿನ ಆಸ್ಪತ್ರೆಗಳಲ್ಲಿ ಇಡೀ ದವಡೆಯನ್ನು ಒಂದೇ ಫಿಲ್ಮಿನಲ್ಲಿ ತೆಗೆಯುವ ಓಪಿಜಿ ಎಕ್ಸ್‌ರೇ ಇದೆ. ಮೂಳೆ ಸಾಕಷ್ಟು ಸವೆದಿದ್ದರೆ ಅದರಲ್ಲೇ ತಿಳಿಯುತ್ತದೆ. ಶುರುವಿನ ಕಾಯಿಲೆ ಅದರಲ್ಲಿ ಕಾಣುವುದಿಲ್ಲ, ಎಕ್ಸ್‌ರೇ ಚೆನ್ನಾಗಿದೆ ಅಂದರೆ ಕೀಲು ಚೆನ್ನಾಗಿದೆ ಅಂತಲ್ಲ. ಮೂಳೆಯ ಆಕಾರ ಸ್ಪಷ್ಟವಾಗಿ ಬೇಕಾದರೆ ಸಿಬಿಸಿಟಿ, ಅಂದರೆ ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ ಒಂದು ಬಗೆಯ ಸಿಟಿ ಸ್ಕ್ಯಾನ್. ಒಳಪೊರೆ ಈಗ ಉರಿಯುತ್ತಿದೆಯಾ ಅನ್ನುವುದಕ್ಕೆ ಎಂಆರ್‌ಐ, ಅದೂ ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ತೆಗೆದದ್ದು. ಜೊತೆಗೆ ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತಿಳಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ. ಇವೆರಡು ಸರಿಯಾಗಿದ್ದರೂ ದವಡೆಯಂಥ ಚಿಕ್ಕ ಕೀಲೊಂದು ಒಳಗೊಳಗೇ ಉರಿಯುತ್ತಿರಬಹುದು. ರಕ್ತದಲ್ಲಿ ಏನೂ ಇಲ್ಲ ಅಂತ ವಾಪಸ್ ಕಳಿಸಿದರೆ ಒಪ್ಪಬೇಡಿ.

ಔಷಧಿ. ದವಡೆಗೇ ಅಂತ ಬೇರೆ ಮಾತ್ರೆ ಇಲ್ಲ. ಇಡೀ ಸಂಧಿವಾತಕ್ಕೆ ಕೊಡುವುದೇ ದವಡೆಗೂ. ಕೈ ಪರವಾಗಿಲ್ಲ, ದವಡೆ ಉರಿಯುತ್ತಿದೆ ಅಂದರೆ ಕಾಯಿಲೆ ಪೂರ್ತಿ ಹತೋಟಿಗೆ ಬಂದಿಲ್ಲ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ನಿಮ್ಮ 15 ಮಿಲಿಗ್ರಾಂ ಮೆಥೋಟ್ರೆಕ್ಸೇಟ್ ಕೊನೆಯ ಮೆಟ್ಟಿಲಲ್ಲ. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಸರಿ ಇದ್ದರೆ ನಿಮ್ಮ ಡಾಕ್ಟರು ವಾರಕ್ಕೆ 20 ಅಥವಾ 25ರ ತನಕ ಏರಿಸಬಹುದು, ಇಲ್ಲವೇ ಚರ್ಮದಡಿಯ ಇಂಜೆಕ್ಷನ್‌ಗೆ ಬದಲಿಸಬಹುದು. ಡೋಸ್ ಜಾಸ್ತಿಯಾದಾಗ ಮಾತ್ರೆಗಿಂತ ಇಂಜೆಕ್ಷನ್ ಚೆನ್ನಾಗಿ ಮೈಗೆ ಹತ್ತುತ್ತದೆ. ಸಲ್ಫಸಲಜಿನ್ ಅಥವಾ ಲೆಫ್ಲುನೊಮೈಡ್ ಸೇರಿಸಬಹುದು. ಅದಕ್ಕೂ ಬಗ್ಗದಿದ್ದರೆ ಅಡಾಲಿಮುಮ್ಯಾಬ್, ಎಟನರ್ಸೆಪ್ಟ್‌ನಂಥ ಬಯೋಲಾಜಿಕ್ ಇಂಜೆಕ್ಷನ್‌ಗಳಿವೆ. ಅವನ್ನು ಶುರು ಮಾಡುವ ಮೊದಲು ಮೈಯಲ್ಲಿ ಕ್ಷಯ ಅಡಗಿ ಕೂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಯಾವುದನ್ನೂ ನೀವಾಗಿ ಏರಿಸಬೇಡಿ, ಬಿಡಬೇಡಿ. ಏರಿಸಿದ ಮೇಲೂ ಫಲ ಕಾಣಲು 6ರಿಂದ 12 ವಾರ ಬೇಕು. ಎರಡನೇ ವಾರಕ್ಕೇ ‘ಏನೂ ಆಗಲಿಲ್ಲ’ ಅಂತ ಬೇಸರ ಮಾಡಿಕೊಳ್ಳಬೇಡಿ.

ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ನಿಮಗೆ ಗೊತ್ತು, ಆದರೂ ಹೇಳುತ್ತೇನೆ. ತಪ್ಪಿ ದಿನಾ ನುಂಗಿ ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಫೋಲಿಕ್ ಆಸಿಡ್ ಬಗ್ಗೆ ನೀವು ಬರೆದಿಲ್ಲ. ತೆಗೆದುಕೊಳ್ಳುತ್ತಿಲ್ಲ ಅಂದರೆ ಡಾಕ್ಟರನ್ನು ಕೇಳಿ, ಬಾಯಿಹುಣ್ಣು ತಪ್ಪಲು ಅದು ಬೇಕು. ದವಡೆ ನೋವಿನ ಜೊತೆ ಬಾಯಿಹುಣ್ಣೂ ಇದ್ದರೆ ಊಟ ಮಾಡುವುದು ಹೇಗೆ? ಹೈಡ್ರಾಕ್ಸಿಕ್ಲೋರೋಕ್ವಿನ್ 5 ವರ್ಷ ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಪರದೆ ಪರೀಕ್ಷೆ ಮಾಡಿಸಬೇಕು. ಮಾಡಿಸಿದ್ದೀರಾ?

ನೋವಿನ ಮಾತ್ರೆ ದಿನಾ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ನೋವು ತಗ್ಗಿಸುತ್ತವೆ, ಮೂಳೆ ಸವೆಯುವುದನ್ನು ತಡೆಯುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಬಿಪಿ, ಕಿಡ್ನಿಗೆ ಪೆಟ್ಟು. ಕಿಡ್ನಿ ಸೋತರೆ ಮೆಥೋಟ್ರೆಕ್ಸೇಟ್ ಮೈಯಲ್ಲೇ ಉಳಿದು ವಿಷವಾಗುತ್ತದೆ. ತೀರಾ ನೋವಿರುವ ನಾಲ್ಕು ದಿನ, ಡಾಕ್ಟರಿಗೆ ತಿಳಿಸಿ, ಊಟ ಆದ ಮೇಲೆ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ವಾಸಿ, ಅದೂ ದಿನಕ್ಕೆ 3 ಗ್ರಾಂ ಮೀರದ ಹಾಗೆ. ಚೀಟಿಯಿಲ್ಲದೆ ಪೊಟ್ಟಣ ಕಟ್ಟಿಕೊಡುವ ‘ವಾಯು ಪುಡಿ’ಗಳ ಹತ್ತಿರ ಹೋಗಬೇಡಿ. ಒಂದೇ ರಾತ್ರಿಗೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನಪಡಿ.

ಇನ್ನು ಮನೆಯಲ್ಲಿ ಮಾಡಬಹುದಾದ್ದು. ಇದರಿಂದ ಆಗುವ ಉಪಕಾರವನ್ನು ಜನ ಕಡೆಗಣಿಸುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಳಿಗ್ಗೆ ಎದ್ದ ತಕ್ಷಣ ದವಡೆಯನ್ನು ಬಲವಂತ ಮಾಡಬೇಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ದಪ್ಪ ಟವೆಲನ್ನು ಎರಡೂ ಕಿವಿಗಳ ಮುಂದೆ 15 ನಿಮಿಷ ಹಿಡಿಯಿರಿ. ಮೈ ಸುಡುವಷ್ಟು ಬಿಸಿ ಬೇಡ. ಆಮೇಲೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಒತ್ತಿ. ನಾಲಿಗೆ ಅಲ್ಲಿಂದ ಕದಲದ ಹಾಗೆ ಎಷ್ಟು ಆಗುತ್ತದೋ ಅಷ್ಟು ಮಾತ್ರ ಬಾಯಿ ತೆರೆದು ಮುಚ್ಚಿ. ನಿಧಾನವಾಗಿ, ಆರು ಸಲ. ದಿನಕ್ಕೆ ನಾಲ್ಕೈದು ಹೊತ್ತು. ನಾಲಿಗೆ ಮೇಲಿದ್ದಾಗ ಮೂಳೆ ಹೆಚ್ಚಾಗಿ ನಿಂತಲ್ಲೇ ತಿರುಗುತ್ತದೆ, ಮುಂದಕ್ಕೆ ಜಾಸ್ತಿ ಎಳೆಯುವುದಿಲ್ಲ. ಹಾಗಾಗಿ ಉರಿಯಿರುವ ಕೀಲೂ ಇದನ್ನು ಸಹಿಸುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ತುರುಕಿ ಬಾಯಿ ಅಗಲಿಸುವ ಸಾಹಸ ಫಿಸಿಯೋಥೆರಪಿಸ್ಟ್ ಹೇಳದೆ ಬೇಡ. ಕೀಲು ಊದಿ ಬಿಸಿಯಾಗಿರುವ ದಿನ ವ್ಯಾಯಾಮ ಬಿಟ್ಟು, ಬಟ್ಟೆ ಸುತ್ತಿದ ಐಸ್ ಹತ್ತು ನಿಮಿಷ ಇಡಿ.

ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಊಟ ಬಿಟ್ಟು ಬೇರೆ ಹೊತ್ತಲ್ಲಿ ಮೇಲಿನ ಹಲ್ಲಿಗೆ ಕೆಳಗಿನದು ತಾಗಿರಬಾರದು. ಹೊಲಿಯುವಾಗ ಸೂಜಿ ಪೋಣಿಸುವ ಗಮನದಲ್ಲಿ ನಾವು ಗೊತ್ತಿಲ್ಲದೆ ಹಲ್ಲು ಕಚ್ಚಿರುತ್ತೇವೆ. ಮೆಷಿನ್ನಿನ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಇಟ್ಟು ಬಾಯಿ ಜಾಸ್ತಿ ಅಗಲವಾಗದ ಹಾಗೆ ತಡೆಯಿರಿ. ಫೋನನ್ನು ಭುಜಕ್ಕೂ ದವಡೆಗೂ ಸಿಕ್ಕಿಸಿಕೊಂಡು ಮಾತಾಡುವುದು ಬಿಡಿ.

ಊಟಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ದವಡೆ ಕೀಲಿಗೆ ಇದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ. ಇಡ್ಲಿ, ಮೆತ್ತಗಿನ ಅನ್ನ, ಉಪ್ಪಿಟ್ಟು ಎಲ್ಲ ಆಗುತ್ತದೆ. ಬೆಣ್ಣೆದೋಸೆಯನ್ನು ಬೇಡ ಅಂದರೆ ದಾವಣಗೆರೆಯವರು ನನ್ನನ್ನು ಬಿಡುವುದಿಲ್ಲ, ತಿನ್ನಿ, ಆದರೆ ಚಿಕ್ಕ ಚೂರು ಮಾಡಿ ಹಿಂದಿನ ಹಲ್ಲಿಗೆ ಕೊಡಿ. ಕಡಕ್ ರೊಟ್ಟಿ ತಿನ್ನಲೇಬೇಕು ಅನ್ನಿಸಿದರೆ ಸಾರಿನಲ್ಲಿ ನೆನೆಸಿ. ಚಕ್ಕುಲಿ, ಕೋಡುಬಳೆ, ಕಬ್ಬು, ಒಣಕೊಬ್ಬರಿ ಚೂರು ಸದ್ಯಕ್ಕೆ ಬೇಡ. ಮೆತ್ತಗಿನದು ಅಂತ ಬರೀ ಗಂಜಿ ಕುಡಿದುಕೊಂಡಿರಬೇಡಿ. ಮೂಳೆಗೂ ಸ್ನಾಯುಗೂ ಪ್ರೋಟೀನ್ ಬೇಕು. ಕಟ್ಟಿನ ಸಾರಿನ ಬದಲು ಗಟ್ಟಿ ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಅನ್ನಕ್ಕೆ ಶೇಂಗಾ ಪುಡಿ.

ಎಲೆಯಡಿಕೆ ಹಾಕುತ್ತೀರಾ? ನೀವು ಬರೆದಿಲ್ಲ, ಆದರೆ ಅಡಿಕೆ ಬೆಳೆಯುವ ಚನ್ನಗಿರಿ ಇರುವ ಜಿಲ್ಲೆಯವರನ್ನು ಕೇಳದೆ ಬಿಡಲಾರೆ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ತೆರೆಯದಂತಾಗುವ ಇನ್ನೊಂದು ಕಾಯಿಲೆ ಇದೆ. ಕೆನ್ನೆಯ ಒಳಭಾಗ ಬಿಳಿಚಿ, ಒಳಗೆ ನಾರಿನ ಹಗ್ಗ ಬಿಗಿದ ಹಾಗೆ ಗಟ್ಟಿಯಾಗುತ್ತದೆ, ಖಾರ ಮುಟ್ಟಿದರೆ ಉರಿಯುತ್ತದೆ. ಅದರಲ್ಲಿ ಕೀಲು ಸರಿಯಾಗೇ ಇರುತ್ತದೆ, ಕೆನ್ನೆಯೇ ಹಿಗ್ಗುವುದಿಲ್ಲ. ಅದು ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಉಂಟು. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಹಲ್ಲಿನ ಡಾಕ್ಟರನ್ನು ಬಿಡಬೇಡಿ, ಅವರು ಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಸಿಕೊಳ್ಳಿ. ಪೂರ್ತಿ ಸಾಲು ಮುಚ್ಚುವಂಥದ್ದು ಇರಲಿ. ನಾಲ್ಕು ಹಲ್ಲಿಗೆ ಮಾತ್ರ ಕೂರುವಂಥದ್ದು ಹಾಕಿದರೆ ಉಳಿದ ಹಲ್ಲು ಮೇಲೆದ್ದು ತೆರಪು ಇನ್ನಷ್ಟು ಕೆಡಬಹುದು. ವಸಡಿನ ಕಾಯಿಲೆಗೂ ಸಂಧಿವಾತಕ್ಕೂ ನಂಟಿದೆ, ಹಾಗಾಗಿ ಹಲ್ಲು ಕ್ಲೀನ್ ಮಾಡಿಸುತ್ತಿರಿ. ಬ್ರಷ್ ಹಿಡಿಯಲು ಬೆರಳು ಸಹಕರಿಸದಿದ್ದರೆ ಅದರ ಹಿಡಿಗೆ ಹಳೆ ಬಟ್ಟೆ ಸುತ್ತಿ ದಪ್ಪ ಮಾಡಿ. ತಲೆ ಚಿಕ್ಕದಿರುವ, ಮಕ್ಕಳ ಬ್ರಷ್ ತೆಗೆದುಕೊಂಡರೆ ಕಡಿಮೆ ತೆರೆಯುವ ಬಾಯಲ್ಲೂ ಹಿಂದಿನ ಹಲ್ಲು ಮುಟ್ಟುತ್ತದೆ. ಅಪಾಯಿಂಟ್‌ಮೆಂಟ್ ಮಧ್ಯಾಹ್ನಕ್ಕೆ ತೆಗೆದುಕೊಳ್ಳಿ, ಬೆಳಿಗ್ಗೆ ದವಡೆ ಸಡಿಲವಾಗಿರುವುದಿಲ್ಲ. ನಡುನಡುವೆ ಬಾಯಿ ಮುಚ್ಚಲು ಬಿಡಿ ಅಂತ ಮೊದಲೇ ಕೇಳಿ. ಕುರ್ಚಿಯಲ್ಲಿ ಕತ್ತನ್ನು ಹಿಂದಕ್ಕೆ ಜಾಸ್ತಿ ಬಗ್ಗಿಸಬೇಡಿ ಅಂತಲೂ ಹೇಳಿ. ಹಳೆಯ ಸಂಧಿವಾತದಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು. ಮೈಯ ಮೂಳೆಗಳು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ವಾರದ ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷದ ಜೊಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಹಲ್ಲು ಕೀಳಿಸುವ ಮೊದಲು ತಿಳಿಸಲೇಬೇಕು. ಅಪರೂಪಕ್ಕೆ ಕಿತ್ತ ಜಾಗದ ಮೂಳೆ ಮಾಯುವುದಿಲ್ಲ.

ಇದಕ್ಕೆಲ್ಲ ಜಗ್ಗದಿದ್ದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರು ಎರಡು ಸಣ್ಣ ಕೆಲಸ ಮಾಡಬಹುದು. ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್, ಅಥವಾ ಎರಡು ಸೂಜಿ ಹಾಕಿ ಕೀಲನ್ನು ಸಲೈನಿನಲ್ಲಿ ತೊಳೆಯುವುದು. ಕೆಲವು ವಾರ, ಕೆಲವು ತಿಂಗಳು ಆರಾಮ ಸಿಗುತ್ತದೆ. ಇಂಜೆಕ್ಷನ್ ಪದೇ ಪದೇ ಬೇಡ, ಅದೂ ಮೃದ್ವಸ್ಥಿಗೆ ಒಳ್ಳೆಯದಲ್ಲ. ಕೀಲು ಪೂರ್ತಿ ಹಾಳಾಗಿ ಬಾಯಿ ಕಟ್ಟಿಕೊಂಡರೆ, ಮಂಡಿಗೆ ಹಾಕುವ ಹಾಗೆ ದವಡೆಗೂ ಕೃತಕ ಕೀಲು ಇದೆ. ದುಬಾರಿ, ಎಲ್ಲ ಊರಲ್ಲೂ ಮಾಡುವುದಿಲ್ಲ, ನಿಮಗೆ ಈಗ ಅದರ ಮಾತೇ ಇಲ್ಲ.

ಮುಂದೆ ಯಾವ ಆಪರೇಷನ್ ಆದರೂ, ಅದು ಗರ್ಭಕೋಶದ್ದಾಗಲಿ ಮಂಡಿಯದ್ದಾಗಲಿ, ಅರಿವಳಿಕೆ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ: ಸಂಧಿವಾತ ಇದೆ, ಬಾಯಿ ಇಷ್ಟೇ ಮಿಲಿಮೀಟರ್ ತೆರೆಯುತ್ತದೆ, ಕತ್ತಿನ ಎಕ್ಸ್‌ರೇ ನೋಡಿ. ಉಸಿರಿನ ಕೊಳವೆ ಹಾಕುವ ದಾರಿ ಅವರು ಮೊದಲೇ ಯೋಚಿಸಿಕೊಳ್ಳುತ್ತಾರೆ. ರಾತ್ರಿ ಹೊಸದಾಗಿ ಜೋರು ಗೊರಕೆ, ಉಸಿರು ಕಟ್ಟಿ ಎಚ್ಚರ ಆಗುವುದು ಇದ್ದರೆ ಅದನ್ನೂ ಹೇಳಿ. ದವಡೆ ಹಿಂದಕ್ಕೆ ಕೂತಾಗ ಗಂಟಲ ದಾರಿ ಕಿರಿದಾಗುತ್ತದೆ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ಒಂದು ಕಡೆ ಕಿವಿಯ ಮುಂದೆ ದಿಢೀರ್ ಕೆಂಪಗೆ ಊದಿ ಜ್ವರ ಬಂದರೆ ಕೀಲಲ್ಲಿ ಕೀವು ಆಗಿರಬಹುದು. ನಿಮ್ಮ ಔಷಧಿಗಳು ರೋಗನಿರೋಧಕ ಶಕ್ತಿ ತಗ್ಗಿಸಿರುವುದರಿಂದ ಅದೇ ದಿನ ತೋರಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ಹಿಡಿದು ಬೆವರು ಬಂದರೆ ಅದು ಹೃದಯದ್ದಿರಬಹುದು. ಮನೆಯಲ್ಲಿ 50 ದಾಟಿದ ಹಿರಿಯರಿಗೆ ಅಗಿಯುವಾಗ ದವಡೆ ಸೋತು ನೋವು, ಜೊತೆಗೆ ಕಣತಲೆಯಲ್ಲಿ ಹೊಸ ತಲೆನೋವು, ಬಾಚಿದರೆ ತಲೆ ನೋವು, ಕಣ್ಣು ಮಂಜು ಅಂದರೆ ತಲೆಯ ರಕ್ತನಾಳದ ಉರಿಯೂತ ಇರಬಹುದು. ತಡ ಮಾಡಿದರೆ ಕಣ್ಣು ಹೋಗುತ್ತದೆ. ಇನ್ನು ಸಂಧಿವಾತ ಇರುವ ಮಕ್ಕಳು ದವಡೆ ನೋವು ಅಂತ ಹೇಳುವುದೇ ಕಡಿಮೆ. ಗದ್ದ ಚಿಕ್ಕದಾಗುತ್ತಿದೆ, ಬಾಯಿ ಒಂದು ಕಡೆಗೆ ವಾಲುತ್ತಿದೆ ಅನ್ನಿಸಿದರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ಆ ವಯಸ್ಸಿನಲ್ಲಿ ದವಡೆ ಇನ್ನೂ ಬೆಳೆಯುತ್ತಿರುತ್ತದೆ.

ನಿಮ್ಮ ಮುಂದಿನ ಕೆಲಸ ಇಷ್ಟು. ಟೇಪಿನ ಅಳತೆ ಬರೆದ ಚೀಟಿ ಹಿಡಿದು ಮೊದಲು ಸಂಧಿವಾತದ ಡಾಕ್ಟರ ಹತ್ತಿರ ಹೋಗಿ. ದವಡೆಯನ್ನು ಒತ್ತಿ ನೋಡಲು ಹೇಳಿ, ಸಂಕೋಚ ಬೇಡ. ಅವರು ಬರೆದುಕೊಟ್ಟದ್ದನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಇಬ್ಬರೂ ಒಂದು ಸಲ ಫೋನಲ್ಲಿ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

ಮುಂದಿನ ಹಲ್ಲು ತಾನಾಗಿ ಮತ್ತೆ ಕೂಡುತ್ತದಾ ಅಂತ ಕೇಳಿದರೆ, ಕರಗಿದ ಮೂಳೆ ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ನೋವು ಹೋಗಬಹುದು, ಬಿಗಿತ ಹೋಗಬಹುದು, ತೆರಪು ಇಲ್ಲಿಗೇ ನಿಲ್ಲಬಹುದು. ಆಮೇಲೆ ಅದನ್ನು ಮುಚ್ಚುವ ದಾರಿ ಹುಡುಕೋಣ. ಅಲ್ಲಿಯವರೆಗೆ ದಾರಕ್ಕೆ ಕತ್ತರಿ ಇರಲಿ. ಬೆರಳು ತೂರಿಸುವ ಕತ್ತರಿ ಬೇಡ, ನಿಮ್ಮ ಬೆರಳ ಗಂಟುಗಳಿಗೆ ಅದು ಇನ್ನೊಂದು ಹಿಂಸೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಅಂಗೈಯಲ್ಲಿ ಒತ್ತಿದರೆ ಕತ್ತರಿಸುವ, ಬಿಟ್ಟರೆ ತಾನೇ ತೆರೆದುಕೊಳ್ಳುವ ಪುಟ್ಟ ದಾರದ ಕತ್ತರಿ ಸಿಗುತ್ತದೆ. ದಾರ ಕಟ್ಟಿ ಮೆಷಿನ್ನಿಗೇ ನೇತುಹಾಕಿಕೊಳ್ಳಿ.